ಹಸುರು ಮೇವಿನ ಕೆರೋಟೀನೂ ಬಿಸಿಲೂ

ಅನೇಕ ದಿವಸ ಬಿಸಿಲಿನಲ್ಲಿ ಬಿದ್ದ ಹುಲ್ಲು ಬಿಳಿಚಿಕೊಳ್ಳುವುದನ್ನು ರೈತರೆಲ್ಲರೂ ಬಲ್ಲರು. ಹೀಗೆ ಹೋಗುವುದು ಬಣ್ಣವೊಂದೇ ಅಲ್ಲ. ದನಗಳ ಕಣ್ಣಿಗೂ ಕರುಗಳ ಬೆಳವಣಿಗೆಗೂ ಅವಶ್ಯವಾದ ಕೆರೋಟೀನ್ ಎಂಬ ವಸ್ತುವೂ ಅದರೊಡನೆ ನಷ್ಟವಾಗುವುದು. ಈ ನಷ್ಟದ ಕಾರಣವನ್ನು ತಿಳಿಯಬೇಕಾದರೆ, ಜೀವಂತವಾದ ಎಲೆಯಲ್ಲಿ ಕೆರೋಟೀನು ಮಾಡುವ ಕೆಲಸವನ್ನು ಮೊದಲು ತಿಳಿಯಬೇಕು.

ಕೆರೋಟೀನು ಕಿತ್ತಳೆ ಬಣ್ಣದ ವಸ್ತು. 1831ರಲ್ಲಿ ಜರ್ಮನಿಯ ವಾಕೆನ್‌ರೋಡರ್ ಎಂಬ ವಿದ್ವಾಂಸನು ಇದನ್ನು ಕ್ಯಾರಟ್ ಗೆಡ್ಡೆಯಿಂದ ಬೇರ್ಪಡಿಸಿದನು. ಇದಕ್ಕೂ ಇದರ ಬಳಗಕ್ಕೂ ಕೆರೋಟಿನಾಯ್ಡುಗಳೆಂದು ಹೆಸರು. ಹಸುರೆಲೆಗಳಲ್ಲೆಲ್ಲಾ ಇವು ಇರುವುವು. ಪತ್ರಹರಿತ್ತಿನ ಹಸುರು ಇವುಗಳನ್ನು ಮರೆಮಾಡಿರುವುದು.

ಪತ್ರಹರಿತ್ತು ಬಿಸಿಲಿನ ಶಕ್ತಿಯನ್ನು ಹೀರಿಕೊಳ್ಳುವುದು. ಬಿಸಿಲು ಮಿತಿಮೀರಿದಾಗ ಉಪಯೋಗವಾಗದೆ ಉಳಿದ ಶಕ್ತಿಯು ಸಮೀಪದ ಆಮ್ಲಜನಕವನ್ನು ಸೇರಿ ಅದನ್ನು ಉಗ್ರವಾಗಿ ಮಾಡುವುದು. ಇಂತಹ ಆಮ್ಲಜನಕವು ಎಲೆಯ ಕೊಬ್ಬನ್ನೂ ಸಸಾರಜನಕವನ್ನೂ ಕೆಡಿಸುವುದು. ಕೆರೋಟೀನು ಆ ಶಕ್ತಿಯನ್ನು ತಾನು ತೆಗೆದುಕೊಂಡು ಶಾಖವನ್ನಾಗಿ ಹೊರಬಿಟ್ಟು, ಬಹುಮಟ್ಟಿಗೆ ಮೊದಲಿನಂತೆಯೇ ಉಳಿಯುವುದು. ಉಗ್ರ ಆಮ್ಲಜನಕವನ್ನು ಕೆರೋಟೀನು ಹೀಗೆ ಶಮನಗೊಳಿಸುವುದನ್ನು 1968ರಲ್ಲಿ ಅಮೆರಿಕದ ಫೂಟ್ ಮತ್ತು ಡೆನ್ನಿ ಎಂಬವರು ತೋರಿಸಿಕೊಟ್ಟರು. ಕೆರೋಟಿನಾಯ್ಡುಗಳ ಉತ್ಪತ್ತಿಯನ್ನು ತಡೆಯುವ ನಾರ್‌ಫ್ಲುರಜಾನ್ ಎಂಬ ಕಳೆನಾಶಕವನ್ನು ಹಾಕಿದರೆ ಹೊಸ ಎಲೆಗಳು ಬಿಸಿಲಿಗೆ ಬೆಳ್ಳಗಾಗುವುದು ಈ ಕಾವಲಿನ ಅವಶ್ಯಕತೆಗೆ ಪ್ರತ್ಯಕ್ಷ ನಿದರ್ಶನವು.

ಎಲೆಗೆ ಇನ್ನೊಂದು ಶತ್ರುವೆಂದರೆ ಫ್ರೀ ರ‍್ಯಾಡಿಕಲ್ ಎಂಬುದು. ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೊತೆಜೊತೆಯಾಗಿರುವುವು. ಜೊತೆಗಳೆದು ಒಂಟಿಯಾದ ಎಲೆಕ್ಟ್ರಾನುಳ್ಳ ಅಣುವೇ ಫ್ರೀ ರ‍್ಯಾಡಿಕಲ್. ಅದು ನೆರೆಯ ಕೊಬ್ಬಿನ ಅಣುವನ್ನು ಕೆಡಿಸಿದರೆ, ಕೆಟ್ಟ ಅಣುವು ಮತ್ತೊಂದನ್ನು ಕೆಡಿಸುವುದು. ಬೆಂಕಿಯು ಬಣವೆಯಿಂದ ಬಣವೆಗೆ ಹಬ್ಬುವಂತೆ ಕೇಡು ಹಬ್ಬುವುದು. ಕೆರೋಟೀನಿನ ಅಣುವಿನಲ್ಲಿ 11 ಇಮ್ಮಡಿ ಬಂಧಗಳು ಒಂದು ಬಿಟ್ಟು ಒಂದರಂತೆ ಸಾಲಾಗಿರುವುವು. ಫ್ರೀ ರ‍್ಯಾಡಿಕಲ್ಲು ಇದನ್ನು ಹಿಡಿದಾಗ ಒಂಟಿ ಎಲೆಕ್ಟ್ರಾನಿನ ಪ್ರಭಾವವು ಆ ಸಾಲಿನ ಉದ್ದಕ್ಕೂ ಹರಡಿ ಕ್ಷೀಣಿಸುವುದು. ಕೇಡಿನ ಸರಪಳಿಯು ತುಂಡಾಗುವುದು. ಆದರೆ ಈ ಕೆಲಸದಲ್ಲಿ ಕೆರೋಟೀನು ತಾನೇ ವ್ಯಯವಾಗುವುದು.

ಜೀವಂತವಾದ ಎಲೆಯು ವ್ಯಯವಾದುದನ್ನು ಹೊಸದಾಗಿ ತಯಾರಿಸಿಕೊಳ್ಳುವುದು. ಕೊಯ್ದ ಎಲೆಗೆ ಆ ಸಾಮರ್ಥ್ಯವಿಲ್ಲ. ಆದುದರಿಂದಲೇ ಬಿಸಿಲಿಗೂ ಗಾಳಿಗೂ ಬಹುಕಾಲ ಸಿಕ್ಕಿದ ಮೇವಿನಲ್ಲಿ ಕೆರೋಟೀನು ದಿನೇ ದಿನೇ ಕಡಮೆಯಾಗುವುದು.

ದನಗಳು ಕೆರೋಟೀನಿನಿಂದ ತಮ್ಮ ದೇಹದಲ್ಲಿ ಎ ಜೀವಸತ್ವವನ್ನು ಮಾಡಿಕೊಂಡು ಯಕೃತ್ತಿನಲ್ಲಿ ಕೂಡಿಡುವುವು. ಈ ಉಳಿತಾಯವಿರುವವರೆಗೆ ಕೊರತೆಯು ಕಾಣಿಸದು. ಅನೇಕ ತಿಂಗಳು ಒಣಹುಲ್ಲನ್ನೇ ತಿಂದು ಉಳಿತಾಯವು ತೀರಿದ ಮೇಲೆ ಇರುಳುಗುರುಡು ಬರುವುದು. ಗಬ್ಬದ ಹಸುಗಳಿಗೆ ಕುರುಡಾದ, ಬಲಹೀನವಾದ, ಅಥವಾ ಸತ್ತ ಕರುಗಳು ಹುಟ್ಟಬಹುದು.

ಆದಕಾರಣ ಮೇವಿನ ಹುಲ್ಲನ್ನು ಎಳೆಯದಾಗಿರುವಾಗಲೇ ಕೊಯ್ದು, ಬಾಡಿದ ಕೂಡಲೆ ಗಾಳಿಯಾಡುವಂತೆ ಸಣ್ಣ ಗುಪ್ಪೆಗಳಾಗಿ ಮಾಡಿ, ಸಾಧ್ಯವಾದಮಟ್ಟಿಗೆ ನೆರಳಿನಲ್ಲಿ ಒಣಗಿಸುವುದು ಲೇಸು. ಚೆನ್ನಾಗಿ ಒಣಗಿದ ಮೇಲೆಯೇ ಬಣವೆ ಹಾಕಬೇಕು. ಬೇಸಗೆಯಲ್ಲಿ ಗಬ್ಬದ ಹಸುಗಳಿಗೆ ದಿನಕ್ಕೆ ಸ್ವಲ್ಪವಾದರೂ ಹಸುರು ಮೇವನ್ನು ಹಾಕುವುದು ಅವಶ್ಯಕ. ಮನೆಯ ಉಪಯೋಗಕ್ಕಾಗಿ ನುಗ್ಗೆಸೊಪ್ಪನ್ನು ಒಣಗಿಸಿಡುವವರಿಗೂ ನೆರಳೇ ಉತ್ತಮ. ಒಣಗಿದ ಮೇಲೂ ಉಳಿದಿರುವ ಹಸುರು ಬಣ್ಣವು ಮೇವು ತನ್ನ ಗುಣವನ್ನು ಉಳಿಸಿಕೊಂಡಿರುವುದಕ್ಕೆ ರೈತನ ಕಣ್ಣಿಗೆ ಕಾಣುವ ಒಳ್ಳೆಯ ಗುರುತು.