ಬೆಟ್ಟ ಹತ್ತುವ ಮುನ್ನ ಇಳಿಯುವ ಲೆಕ್ಕ ಹಾಕಿ

ರಜೆ ಬಂತೆಂದರೆ ಮಕ್ಕಳ ಮೊದಲ ಪ್ರಶ್ನೆ, ‘ಎಲ್ಲಿಗೆ ಹೋಗೋಣ?’ ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲದ ಸುತ್ತ ಇರುವವರಿಗೆ ಉತ್ತರ ಹತ್ತಿರದಲ್ಲೇ ಇದೆ. ಶಿವಗಂಗೆ ಇದೆ, ನಂದಿಬೆಟ್ಟ ಇದೆ, ಮಾಕಳಿದುರ್ಗ ಇದೆ. ಖರ್ಚು ಕಡಿಮೆ, ಗಾಳಿ ಶುದ್ಧ, ಮಕ್ಕಳು ಒಂದು ದಿನವಾದರೂ ಮೊಬೈಲ್ ಬಿಟ್ಟು ನಡೆಯುತ್ತಾರೆ. ಖಂಡಿತ ಹೋಗಿ. ಆದರೆ ಹೊರಡುವ ಮುನ್ನ ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳಿ.

ದಸರಾ ರಜೆಯಲ್ಲಿ ನಾವು ಆರು ಮಂದಿ ಮಾಕಳಿದುರ್ಗಕ್ಕೆ ಹೊರಟಿದ್ದೆವು. ದೊಡ್ಡಬಳ್ಳಾಪುರದಿಂದ ಗೌರಿಬಿದನೂರು ಕಡೆಗೆ ಸುಮಾರು 10 ಕಿ.ಮೀ. ದೂರದಲ್ಲಿರುವ ಈ ಬೆಟ್ಟ ಸಮುದ್ರಮಟ್ಟದಿಂದ 1,117 ಮೀಟರ್ ಎತ್ತರದಲ್ಲಿದೆ. ತುದಿಯಲ್ಲಿ ಹಳೆಯ ಕೋಟೆಯ ಅವಶೇಷ, ಕೆಳಗೆ ರೈಲು ಹಳಿ. ಕೆಳಗಿನಿಂದ ನೋಡಿದರೆ ‘ಇಷ್ಟೇನಾ?’ ಎನಿಸುತ್ತದೆ. ಕುರುಚಲು ಕಾಡು ಮುಗಿದು ಬರಿ ಬಂಡೆ ಶುರುವಾದಾಗಲೇ ಕಡಿದಾದ ದಾರಿ ಎಂದರೇನೆಂದು ತಿಳಿಯುವುದು.

ಮಾವನವರಿಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಬೇಗ ಹೊರಡುವ ಗಡಿಬಿಡಿಯಲ್ಲಿ ಮಾತ್ರೆ ನುಂಗಿದ್ದರು, ತಿಂಡಿಗೆ ಬದಲು ಚಹಾ ಮತ್ತು ಎರಡು ಬಿಸ್ಕತ್ತು. ಮುಕ್ಕಾಲು ದಾರಿ ಹತ್ತಿದಾಗ ನನ್ನ ಸಣ್ಣ ಮಗ ನನ್ನ ಸೆರಗು ಹಿಡಿದು, “ಅಮ್ಮೀ, ದಾದಾ ಯಾಕೆ ಮಾತಾಡ್ತಿಲ್ಲ?” ಎಂದ. ತಿರುಗಿ ನೋಡಿದರೆ ಅವರು ಬಂಡೆಗೆ ಒರಗಿ ಕುಳಿತಿದ್ದರು. ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಗುತ್ತಿತ್ತು. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬರಲಿಲ್ಲ. ಮಗನ ಚೀಲದಲ್ಲಿದ್ದ ಮಾವಿನ ಜ್ಯೂಸ್ ಕುಡಿಸಿದೆವು. ಕಾಲು ಗಂಟೆಯ ನಂತರ ಅವರ ಕಣ್ಣಿಗೆ ಕಳೆ ಬಂತು. ಬಾಳೆಹಣ್ಣು, ಬಿಸ್ಕತ್ತು ತಿನ್ನಿಸಿದೆವು. “ನೀವು ಹತ್ತಿ ಬನ್ನಿ, ನಾನು ಇಲ್ಲೇ ಇರ್ತೀನಿ” ಎಂದರು. ನನ್ನ ಯಜಮಾನರು ಒಪ್ಪಲಿಲ್ಲ. ಕೋಟೆ ಕಣ್ಣಿಗೆ ಕಾಣುತ್ತಿತ್ತು, ಮಕ್ಕಳು ಅತ್ತರು, ಆದರೂ ಎಲ್ಲರೂ ತಿರುಗಿದೆವು. ಹತ್ತಿದ್ದಕ್ಕಿಂತ ಇಳಿಯಲು ಹೆಚ್ಚು ಹೊತ್ತು ಹಿಡಿಯಿತು. ಕೆಲವು ಕಡೆ ಕುಳಿತೇ ಜಾರಬೇಕಾಯಿತು, ನೀರು ಆಗಲೇ ಮುಗಿದಿತ್ತು. ಅಲ್ಹಂದುಲಿಲ್ಲಾಹ್, ಎಲ್ಲರೂ ಸುರಕ್ಷಿತವಾಗಿ ಮನೆ ಸೇರಿದೆವು.

ಆ ದಿನ ಕಲಿತದ್ದು ಒಂದೇ: ತುದಿ ಮುಟ್ಟಿದರೆ ಅರ್ಧ ದಾರಿ ಮಾತ್ರ ಮುಗಿದಂತೆ.

ಇಳಿಯುವುದೇಕೆ ಕಷ್ಟ?

ಹತ್ತುವಾಗ ಹೃದಯ, ಶ್ವಾಸಕೋಶಗಳಿಗೆ ಕೆಲಸ ಹೆಚ್ಚು. ಇಳಿಯುವಾಗ ತೊಡೆಯ ಸ್ನಾಯುಗಳು ಪ್ರತಿ ಹೆಜ್ಜೆಗೂ ದೇಹಕ್ಕೆ ಬ್ರೇಕ್ ಹಾಕಬೇಕು, ಮಂಡಿಯ ಮೇಲೆ ಭಾರ ಬೀಳುತ್ತದೆ. ದಣಿದ ಕಾಲು ನಡುಗುತ್ತದೆ, ಜಾರುತ್ತದೆ. ಮರುದಿನ, ಅದರ ಮರುದಿನ ತೊಡೆ ಹಿಡಿದುಕೊಳ್ಳುವುದೂ ಇದರಿಂದಲೇ. ಆದ್ದರಿಂದ ಅರ್ಧದಷ್ಟು ಶಕ್ತಿ, ಅರ್ಧದಷ್ಟು ನೀರು ಇಳಿಯಲು ಉಳಿದಿರಬೇಕು. ಅರ್ಧ ನೀರು ಖಾಲಿಯಾದ ಜಾಗದಿಂದಲೇ ಹಿಂದಿರುಗಿ, ಕೋಟೆ ಎಷ್ಟೇ ಹತ್ತಿರವಿರಲಿ.

ಹತ್ತುವಾಗ ಪಕ್ಕದವರೊಂದಿಗೆ ಮಾತಾಡುತ್ತಾ ಹೋಗಿ. ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ, ಹುರುಪಿನ ಹುಡುಗರು ಹಿಂದಿರಲಿ.

ನೀರು, ಶೌಚಾಲಯ ಮತ್ತು ಹೆಣ್ಣುಮಕ್ಕಳು

ಮೇಲೆ ಅಂಗಡಿ ಇಲ್ಲ, ಕುಡಿಯುವ ನೀರಿಲ್ಲ. ದೊಡ್ಡವರಿಗೆ ತಲಾ ಎರಡು ಲೀಟರ್ ನೀರು ಇಟ್ಟುಕೊಳ್ಳಿ. ಆದರೆ ನೀರು ಇದ್ದರೂ ಹೆಣ್ಣುಮಕ್ಕಳು ಕುಡಿಯುವುದಿಲ್ಲ. ಕಾರಣ ನಿಮಗೂ ಗೊತ್ತು: ಹತ್ತುವ ದಾರಿಯಲ್ಲಿ ಶೌಚಾಲಯವಿಲ್ಲ. ಅಂದು ನನ್ನ ಮಗಳು ಬೆಳಗಿನಿಂದ ನಾಲ್ಕು ಗುಟುಕಷ್ಟೇ ಕುಡಿದಿದ್ದಳು, ಇಳಿಯುವಾಗ ತಲೆನೋವು, ವಾಂತಿ. ನೀರು ಕುಡಿಯದೆ, ಮೂತ್ರ ತಡೆದುಕೊಂಡರೆ ಬಿಸಿಲಿನ ಬಳಲಿಕೆಯ ಜೊತೆಗೆ ಮೂತ್ರನಾಳದ ಸೋಂಕಿಗೂ ದಾರಿಯಾಗುತ್ತದೆ. ಬೆಟ್ಟ ಸೇರುವ ಮೊದಲು ಪೇಟೆಯಲ್ಲೇ ಎಲ್ಲರೂ ಶೌಚಾಲಯಕ್ಕೆ ಹೋಗಿ ಬನ್ನಿ. ಒಂದು ದೊಡ್ಡ ಚಾದರ, ಒಂದು ಬಾಟಲಿ ಬೇರೆ ನೀರು, ಸಾಬೂನು ಜೊತೆಗಿರಲಿ. ಇಬ್ಬರು ಚಾದರ ಹಿಡಿದರೆ ಸಂಕೋಚಕ್ಕೆ ಜಾಗವಿಲ್ಲ. ಬಳಸಿದ ಪ್ಯಾಡ್, ಮಗುವಿನ ಡೈಪರ್ ಅಲ್ಲಿ ಎಸೆಯಬೇಡಿ. ಕಾಗದದಲ್ಲಿ ಸುತ್ತಿ ಕವರಿನಲ್ಲಿ ಮನೆಗೆ ತನ್ನಿ.

ಝುಹರ್ ಹೊತ್ತಿಗೆ ಕೆಳಗಿಳಿದಿರುವಂತೆ ಹೊರಡುವುದು ಒಳ್ಳೆಯದು. ತಡವಾದರೂ ಕುಡಿಯುವ ನೀರನ್ನು ವುಝೂಗೆ ಖರ್ಚು ಮಾಡಬೇಡಿ. ನೀರು ಕುಡಿಯಲಷ್ಟೇ ಸಾಲುವಾಗ ತಯಮ್ಮುಮ್‌ಗೆ ಅನುಮತಿ ಇದೆ.

ಬೆವರಿದ ದೇಹಕ್ಕೆ ನೀರಿನ ಜೊತೆ ಉಪ್ಪೂ ಬೇಕು. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಇಲ್ಲಿ ಚಮಚವೆಂದರೆ ಚಹಾದ ಸಣ್ಣ ಚಮಚ.

ಮನೆಯ ಹಿರಿಯರಿಗೆ

ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಮತ್ತು ಇನ್ಸುಲಿನ್ ತೆಗೆದುಕೊಂಡು, ಸರಿಯಾಗಿ ತಿನ್ನದೆ ಬೆಟ್ಟ ಹತ್ತಿದರೆ ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತದೆ. ಹಿಂದಿನ ವಾರವೇ ವೈದ್ಯರನ್ನು ಕೇಳಿ, ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ. ನಡುಕ, ಬೆವರು, ಗಲಿಬಿಲಿ ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕದಡಿ ಕೊಡಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಎದೆ ಹಿಡಿದುಕೊಂಡಂತಾದರೆ ಅಥವಾ ಎಡಗೈ, ದವಡೆಗೆ ನೋವು ಹರಿದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕದೆ ಅಲ್ಲೇ ಕೂರಿಸಿ ನೆರವು ಕರೆಯಿರಿ. ಬಿಸಿಲಿನಲ್ಲಿ ಮೈ ಸುಡುತ್ತಾ ಮಾತು ತಡವರಿಸಿದರೂ ಅದು ತುರ್ತು ಸ್ಥಿತಿಯೇ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಿ.

ಇವೂ ನೆನಪಿರಲಿ

ಮಾಕಳಿದುರ್ಗ ಹತ್ತಲು ಅರಣ್ಯ ಇಲಾಖೆಯ ಟಿಕೆಟನ್ನು ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು. ಬೆಳಗಿನ ಮೊದಲ ಹೊತ್ತನ್ನೇ ಆರಿಸಿಕೊಳ್ಳಿ, ಹತ್ತು ಗಂಟೆಯ ನಂತರ ಬಂಡೆಯೂ ಕಾಯುತ್ತದೆ. ರೈಲು ಹಳಿಯ ಮೇಲೆ ನಡೆಯುವುದು, ಫೋಟೋ ತೆಗೆಯುವುದು ಬೇಡವೇ ಬೇಡ.

ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಬುರ್ಖಾ ತೆಳು ಬಟ್ಟೆಯದ್ದಾಗಿರಲಿ, ಪಾದಕ್ಕೆ ತೊಡರದ ಅಳತೆಯದ್ದಾಗಿರಲಿ. ಇಳಿಯುವಾಗ ನೆಲ ಮುಟ್ಟುವ ಅಂಚು ಹಿಮ್ಮಡಿಗೆ ಸಿಕ್ಕಿಕೊಳ್ಳುತ್ತದೆ. ಅಂದು ಅತ್ತರ್ ಹಚ್ಚಬೇಡಿ. ಬಂಡೆ ಸಂದುಗಳಲ್ಲಿ ಹೆಜ್ಜೇನು ಇರಬಹುದು, ಗಾಢ ವಾಸನೆ, ಹೊಗೆ, ಗಲಾಟೆ ಅವನ್ನು ಕೆಣಕುತ್ತವೆ. ಶಿವಗಂಗೆ, ನಂದಿಬೆಟ್ಟದಲ್ಲಿ ಕೋತಿಗಳ ಮುಂದೆ ತಿಂಡಿ ಬಿಚ್ಚಬೇಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆಯ ಬಗ್ಗೆ ಕೇಳಿ.

ಡಿಸೆಂಬರ್ ರಜೆಯಲ್ಲಿ ನಾವು ಮತ್ತೆ ಹೋದೆವು. ಫಜ್ರ್ ಮುಗಿಸಿ, ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಹೊರಟೆವು. ಮಾವನವರು ವೈದ್ಯರ ಮಾತು ಕೇಳಿ, ಕಾಡು ಮುಗಿದು ಬಂಡೆ ಶುರುವಾಗುವವರೆಗೆ ಮಾತ್ರ ಬಂದರು. ನನ್ನ ಯಜಮಾನರು ಅವರ ಜೊತೆ ಮರದ ನೆರಳಲ್ಲಿ ಉಳಿದರು. ಮಕ್ಕಳು ಕೋಟೆಯ ಗೋಡೆ ಮುಟ್ಟಿ ಬಂದು ಕಥೆ ಹೇಳಿದಾಗ ದಾದಾ ಕೇಳಿದ್ದು ಒಂದೇ ಪ್ರಶ್ನೆ: “ಬಾಟಲಿಯಲ್ಲಿ ನೀರು ಉಳಿದಿದೆಯಾ?” ಉಳಿದಿತ್ತು.