ಬಾಡಿಗೆಯೋ, ಭೋಗ್ಯವೋ?

ಬೆಂಗಳೂರು, ಮೈಸೂರುಗಳಲ್ಲಿ ಮನೆ ಹುಡುಕುವವರಿಗೆ ಎರಡು ದಾರಿಗಳುಂಟು. ತಿಂಗಳು ತಿಂಗಳು ಬಾಡಿಗೆ ತೆರುವುದು ಒಂದು. ಇಡಿಗಂಟು ಕೊಟ್ಟು ಭೋಗ್ಯಕ್ಕೆ ಹಿಡಿಯುವುದು ಇನ್ನೊಂದು. ಭೋಗ್ಯದಲ್ಲಿ ಬಾಡಿಗೆಯಿಲ್ಲ, ಮನೆ ಬಿಡುವಾಗ ಗಂಟೂ ಮರಳುತ್ತದೆ. ಹಾಗಾದರೆ ವಾಸ ಪುಕ್ಕಟೆಯಲ್ಲವೆ ಎಂದು ನೀವು ಕೇಳಬಹುದು. ಅಲ್ಲ. 10 ಲಕ್ಷ ರೂಪಾಯಿ ಕೊಟ್ಟಿರೆನ್ನಿ. ಶೇಕಡ 6ರ ಬಡ್ಡಿಯಂತೆ ಅದು ವರ್ಷಕ್ಕೆ 60,000 ರೂಪಾಯಿ ತರುತ್ತಿತ್ತು. ಅಂದರೆ ತಿಂಗಳಿಗೆ 5,000 ರೂಪಾಯಿ ನೀವು ಕಾಣದಂತೆ ತೆರುವ ಬಾಡಿಗೆ. ಅಂಥದೇ ಮನೆಯ ಬಾಡಿಗೆ ಇದಕ್ಕಿಂತ ಹೆಚ್ಚಿದ್ದರೆ ಭೋಗ್ಯ ಲಾಭವೇ ಸರಿ.

ಆದರೆ ಲೆಕ್ಕ ಇಲ್ಲಿಗೆ ಮುಗಿಯದು. ಭೋಗ್ಯದ ಹಣವೆಂದರೆ ನೀವು ಮನೆಯೊಡೆಯರಿಗೆ ಕೊಟ್ಟ ಸಾಲವೇ. ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು, ಕಂತು ನಿಂತರೆ, 2002ರ ಸರ್ಫೇಸಿ ಕಾಯಿದೆಯ ಮೇರೆಗೆ ಬ್ಯಾಂಕು ಅದನ್ನು ಹರಾಜು ಹಾಕಬಹುದು. ಆಗ ಮನೆಯೂ ಹೋಗಿ, ಗಂಟಿಗಾಗಿ ಒಡೆಯರ ಬೆನ್ನು ಹತ್ತಬೇಕಾದೀತು.

ಆದುದರಿಂದ ಹಣ ಕೊಡುವ ಮುನ್ನ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಿರಿ. ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿರಿ. ನಕಲು ಮಾತ್ರ ತೋರಿಸಿದರೆ ಮೂಲವೆಲ್ಲಿದೆಯೆಂದು ಕೇಳಲು ಸಂಕೋಚ ಬೇಡ. ಕರಾರನ್ನು ನೋಂದಾಯಿಸಿರಿ. ಇಷ್ಟಕ್ಕೆ ಒಪ್ಪದ ಒಡೆಯರ ಮನೆಯಾದರೆ, ಬಾಡಿಗೆಯ ಮನೆಯೇ ಲೇಸು.