ಮೋಟಾರು ದೋಣಿ ನೀರಿನ ಮೇಲೇರುವ ಬಗೆ

2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆಯು ಉಕ್ಕಿ ಮಂತ್ರಾಲಯ, ಕರ್ನೂಲುಗಳನ್ನು ಮುಳುಗಿಸಿದುದನ್ನು ನಮ್ಮ ಸೀಮೆಯವರು ಮರೆತಿರಲಾರರು. ಮಳೆಗಾಗಿ ಮುಗಿಲು ನೋಡುವ ಸೆಟ್ಟೂರಿನ ಮಕ್ಕಳಿಗೆ ಮೋಟಾರು ದೋಣಿಯೆಂದರೆ ಇಂತಹ ನೆರೆಯ ಚಿತ್ರಗಳಲ್ಲಿ ಕಂಡದ್ದೇ. ತರಗತಿಯಲ್ಲಿ ಬಾಲಕನೊಬ್ಬನು ಕೇಳಿದನು: “ಸಾರ್, ಎಂಜಿನ್ ಅಷ್ಟು ಅಬ್ಬರಿಸಿದರೂ ಒಂದು ದೋಣಿ ಮೂತಿ ಎತ್ತಿಕೊಂಡು ತೆವಳುತ್ತದೆ, ಇನ್ನೊಂದು ಹಾರಿದಂತೆ ಹೋಗುತ್ತದೆ. ಯಾಕೆ ಸಾರ್?”

ನಿಧಾನವಾಗಿ ಸಾಗುವ ದೋಣಿಯು ನೀರನ್ನು ಸೀಳಿಕೊಂಡು ಹೋಗುತ್ತದೆ. ವೇಗ ಹೆಚ್ಚಿದಂತೆ ಅದು ಎಬ್ಬಿಸುವ ಅಲೆಯೂ ಉದ್ದವಾಗುತ್ತದೆ. 4 ಮೀಟರ್ ದೋಣಿಯಾದರೆ ಗಂಟೆಗೆ ಸುಮಾರು 9 ಕಿಲೋಮೀಟರ್ ವೇಗದಲ್ಲಿ ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾಗುತ್ತದೆ. ಅದಕ್ಕೂ ವೇಗವಾಗಿ ಹೋಗಹೊರಟರೆ ಹಿಂಭಾಗವು ತಗ್ಗಿಗಿಳಿದು, ಮೂತಿ ಮೇಲೆದ್ದು, ದೋಣಿಯು ತಾನೇ ಎಬ್ಬಿಸಿದ ದಿಬ್ಬವನ್ನು ಹತ್ತಬೇಕಾಗುತ್ತದೆ. ಅದನ್ನು ದಾಟಿ 20–25 ಕಿಲೋಮೀಟರ್ ವೇಗ ಮುಟ್ಟಿದರೆ, ನೀರೇ ಅದರ ಚಪ್ಪಟೆ ತಳವನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಕೆರೆಯಲ್ಲಿ ಹುಡುಗರು ಎಸೆದ ಬಿಲ್ಲೆಗಲ್ಲಿನಂತೆ ಮೇಲ್ಮೈಯಲ್ಲಿ ಜಾರುತ್ತದೆ. ಇದನ್ನೇ ‘ಪ್ಲೇನಿಂಗ್’ ಎನ್ನುವರು.

ದಿಬ್ಬ ಹತ್ತಲು ಎಂಜಿನ್ನಿಗೆ ತನ್ನ ಪೂರ್ಣ ಶಕ್ತಿ ಬೇಕು. ದೋಣಿಯ ಹಿಂಬದಿಗೆ ತೂಗುಹಾಕುವ ಅನೇಕ ಎಂಜಿನ್ನುಗಳಲ್ಲಿ ಆ ಶಕ್ತಿ ದೊರೆಯುವುದು ನಿಮಿಷಕ್ಕೆ 5000ದಿಂದ 6000 ಸುತ್ತುಗಳಲ್ಲಿ. ಜನ ಹೆಚ್ಚಾದರೆ ಥ್ರಾಟಲ್ ಪೂರ್ತಿ ತೆರೆದರೂ ಸುತ್ತು ಅಲ್ಲಿಗೇರದು. ಘಟ್ಟದ ಏರಿನಲ್ಲಿ ಟಾಪ್ ಗೇರಿನಲ್ಲೇ ಏದುಸಿರುಬಿಡುವ ಬಸ್ಸಿನ ಪಾಡು ಅದರದು. ಬಸ್ಸಿನಲ್ಲಿ ಗೇರು ಬದಲಿಸಬಹುದು. ಇಂತಹ ದೋಣಿಗೆ ಮುನ್ನಡೆಯ ಗೇರು ಸಾಮಾನ್ಯವಾಗಿ ಒಂದೇ. ಆದ್ದರಿಂದ ಒಂದು ಸುತ್ತಿಗೆ ಕಡಿಮೆ ದೂರ ತಳ್ಳುವ ಪ್ರೊಪೆಲ್ಲರನ್ನು ದಡದಲ್ಲಿಯೇ ಜೋಡಿಸಿಕೊಂಡಿರಬೇಕು, ಇಲ್ಲವೆ ಕುಳಿತವರನ್ನು ಸ್ವಲ್ಪ ಮುಂದಕ್ಕೆ ಸರಿಸಬೇಕು. ದಿಬ್ಬ ದಾಟಿದೊಡನೆ ಹೊರೆ ಹಗುರಾಗಿ ಸುತ್ತು ತಾನಾಗಿ ಏರುತ್ತದೆ. ಆಗ ಥ್ರಾಟಲನ್ನು ತುಸು ತಗ್ಗಿಸಿದರೂ ದೋಣಿ ಮೇಲೆಯೇ ಇರುತ್ತದೆ. ಅತಿಯಾಗಿ ತಗ್ಗಿಸಿದರೆ ಮತ್ತೆ ಕುಸಿಯುತ್ತದೆ.

ನೆರೆಯ ಕಾಲದಲ್ಲಿ ಇದು ಜೀವದ ಮಾತು. ಹೋಗುವಾಗ ಖಾಲಿಯಾಗಿ ಹಾರಿದ ದೋಣಿಯು ಜನರನ್ನು ಹೊತ್ತು ಬರುವಾಗ ಮೇಲೇಳದಿರಬಹುದು. ಮೂತಿ ಎತ್ತಿದ ಆ ನಡುವೇಗವೇ, ನನ್ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ಕೆಟ್ಟದ್ದು: ಇಂಧನ ಸುರಿಯುತ್ತದೆ, ಚಾಲಕನಿಗೆ ಮುಂದಿನದು ಕಾಣದು, ಹಿಂದೇಳುವ ದೊಡ್ಡ ಅಲೆಯು ನೆನೆದ ಮಣ್ಣಿನ ಗೋಡೆಗಳಿಗೆ ಬಡಿಯುತ್ತದೆ. ಬಲ್ಲ ಚಾಲಕನು ಆಗ ಥ್ರಾಟಲ್ ಇಳಿಸಿ, ಮೂತಿ ಕೆಳಗಿಳಿಯುವಷ್ಟು ನಿಧಾನವಾಗಿ ಮರಳುತ್ತಾನೆ. ದಡದಲ್ಲಿ ಕಾದು ನಿಂತವರಿಗೆ ಅದು ಉದಾಸೀನವೆಂದು ತೋರಿದರೂ ತೋರೀತು.